ಕೀಲಿಕೈ ಕೊಡುವ ಮುನ್ನ

ಯಲವಿಗಿ ಎಂದೊಡನೆ ಧಾರವಾಡ ಸೀಮೆಯವರಿಗೆ ಮೊದಲು ನೆನಪಾಗುವುದು ರೈಲು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಮೀಟರ್ ಗೇಜ್ ಹಳಿ ಹಾಕಿದಾಗ ನವಾಬರ ಊರಾದ ಸವಣೂರು ಬದಿಗೆ ಉಳಿಯಿತು. ಸವಣೂರಿಗೆ ಹೋಗಿಬರುವವರು ಹತ್ತಿ ಇಳಿಯುವ ನಿಲ್ದಾಣ ಯಲವಿಗಿಯಾಯಿತು. ಸುತ್ತಲಿನ ಹಳ್ಳಿಗಳನ್ನು ಬಿಟ್ಟು ಹುಬ್ಬಳ್ಳಿಗೋ ಪುಣೆಗೋ ಬೆಂಗಳೂರಿಗೋ ಹೊರಟ ಸಂಸಾರಗಳಿಗೂ ಇದೇ ದಾರಿ. ಹಾಸಿಗೆಯ ಸುರುಳಿ, ತಾಮ್ರದ ಹಂಡೆ, ಬಟ್ಟೆಯಲ್ಲಿ ಕಟ್ಟಿದ ದೇವರ ಪೆಟ್ಟಿಗೆ ಮೂರೂ ಒಂದೇ ಬಂಡಿಯಲ್ಲಿ ಬಂದವೆಂದರೆ ಅದು ಜಾತ್ರೆಗೆ ಹೊರಟ ಬಂಡಿಯಲ್ಲ, ಮನೆ ಮಾರಿದವರ ಬಂಡಿ ಎಂದು ನೋಡಿದವರಿಗೆ ತಿಳಿಯುತ್ತಿತ್ತು.

ಮನೆ ಮಾರಿದವರ ಬಗ್ಗೆ ಜನ ಕೇಳುವುದು ಎರಡೇ ಪ್ರಶ್ನೆ: ಏಕೆ ಮಾರಿದರು, ಎಷ್ಟಕ್ಕೆ ಮಾರಿದರು. ಮಾತು ಮುಗಿದ ದಿನಕ್ಕೂ ಕೀಲಿಕೈ ಕೊಡುವ ದಿನಕ್ಕೂ ನಡುವೆ ಕೆಲವು ವಾರಗಳಿರುತ್ತವೆ. ಆಗ ಆ ಮನೆ ಯಾರದು? ಸೋರುವ ಮಾಳಿಗೆಯನ್ನು ಯಾರು ಮುಚ್ಚಬೇಕು? ಯಾವುದನ್ನು ಒಯ್ಯಬಹುದು, ಯಾವುದನ್ನು ಮುಟ್ಟಬಾರದು? ಏನನ್ನು ಹೇಳಿ ಹೋಗಬೇಕು? ಸಣ್ಣ ಪ್ರಶ್ನೆಗಳಂತೆ ಕಂಡರೂ ಇವುಗಳಿಗೆ ಉತ್ತರ ಹುಡುಕುವ ಕೆಲಸ ಈ ನಾಡಿನಲ್ಲಿ ಸುಮಾರು ಒಂಬತ್ತು ನೂರು ವರ್ಷಗಳಿಂದ ನಡೆದಿದೆ. ಧರ್ಮಶಾಸ್ತ್ರಜ್ಞರು ತಲೆ ಕೆಡಿಸಿಕೊಂಡಿದ್ದಾರೆ, ಶಾಸನ ಬರೆಸಿದವರು ಪಟ್ಟಿ ಮಾಡಿದ್ದಾರೆ, ಬ್ರಿಟಿಷರು ಕಲಮು ಹಾಕಿದ್ದಾರೆ. ಆದರೂ ಮುಖ್ಯವಾದ ಕೆಲವು ಸಂಗತಿಗಳು ಇಂದಿಗೂ ಯಾವ ಕಾಗದಕ್ಕೂ ಏರದೆ ಬಾಯಿಂದ ಬಾಯಿಗೇ ಸಾಗುತ್ತಿವೆ.

ಮಣ್ಣಿನ ಮಾಳಿಗೆಯ ಲೆಕ್ಕ

ಮೊದಲು ಮನೆಯನ್ನೇ ನೋಡಬೇಕು. ಇಂದಿನ ಹಾವೇರಿ ಜಿಲ್ಲೆ 1997ರವರೆಗೆ ಧಾರವಾಡ ಜಿಲ್ಲೆಯ ಭಾಗವಾಗಿತ್ತು. ಇದರ ಪಶ್ಚಿಮಕ್ಕೆ, ಹಾನಗಲ್ಲಿನ ಕಡೆ, ಮಲೆನಾಡಿನ ಮಳೆ. ಅಲ್ಲಿ ಇಳಿಜಾರಾದ ಹಂಚಿನ ಮನೆಗಳು. ಸವಣೂರು, ಯಲವಿಗಿಯ ಕಡೆ ಬಯಲು ಸೀಮೆ. ಇಲ್ಲಿ ಹಳೆಯ ಮನೆಗಳೆಂದರೆ ದಪ್ಪ ಮಣ್ಣಿನ ಗೋಡೆ, ಮೇಲೆ ಸಪಾಟಾದ ಮೇಲ್ಮುದ್ದಿ. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತಿ, ಅದರ ಮೇಲೆ ಹಲಗೆಯೋ ಕಟ್ಟಿಗೆಯೋ, ಎಲ್ಲಕ್ಕೂ ಮೇಲೆ ಮಣ್ಣು. ನೀರು ಇಳಿಯದಿರಲೆಂದು ಸವಳು ಮಣ್ಣು ಹಾಕಿ ತಟ್ಟುವುದು ರೂಢಿ. ಇದು ಒಮ್ಮೆ ಮಾಡಿ ಮರೆಯುವ ಕೆಲಸವಲ್ಲ. ಪ್ರತಿವರ್ಷ ಮುಂಗಾರಿಗೆ ಮುಂಚೆ ಮಾಳಿಗೆ ಹತ್ತಿ ಬಿರುಕು ನೋಡಿ, ಹೊಸ ಮಣ್ಣು ಹಾಕಬೇಕು. ಎರಡು ವರ್ಷ ಬಿಟ್ಟರೆ ಹುಲ್ಲು ಬೆಳೆಯುತ್ತದೆ. ಇನ್ನೂ ಬಿಟ್ಟರೆ ಜಂತಿ ಕೊಳೆಯುತ್ತದೆ.

ಹಳ್ಳಿಯ ಮನೆ ಕೈಬದಲಾಗುವ ಕಾಲವೂ ಇದೇ ಎಂಬುದು ಇಲ್ಲಿನ ತೊಡಕು. ಯುಗಾದಿಯ ಹೊತ್ತಿಗೆ ಸುಗ್ಗಿ ಮುಗಿದು ಕೊಳ್ಳುವವನ ಕೈಯಲ್ಲಿ ಹಣವಿರುತ್ತದೆ. ಶಾಲೆಗೆ ಸೂಟಿ ಬಿದ್ದಿರುತ್ತದೆ. ಆಷಾಢ ಬಂದರೆ ಹೊಸ ಮನೆಯ ಹೊಸ್ತಿಲು ದಾಟುವಂತಿಲ್ಲ. ಆದ್ದರಿಂದ ಚೈತ್ರ, ವೈಶಾಖ, ಜ್ಯೇಷ್ಠಗಳಲ್ಲೇ ಎಲ್ಲವೂ ಆಗಬೇಕು. ಮಾರಿದವನಿಗೆ ಮಾಳಿಗೆಗೆ ಮಣ್ಣು ಹಾಕಿಸುವ ಮನಸ್ಸಿಲ್ಲ, ಏಕೆಂದರೆ ಮಳೆಗಾಲಕ್ಕೆ ಅವನು ಅಲ್ಲಿರುವುದಿಲ್ಲ. ಕೊಂಡವನಿಗೆ ಇನ್ನೂ ಅಧಿಕಾರವಿಲ್ಲ, ಏಕೆಂದರೆ ಕೀಲಿಕೈ ಬಂದಿಲ್ಲ. ಮೊದಲ ಮಳೆ ಮಾತ್ರ ಇಬ್ಬರನ್ನೂ ಕೇಳಿ ಬರುವುದಿಲ್ಲ.

ಇಂಥ ಮನೆಯಲ್ಲಿ ಬೆಲೆ ಬಾಳುವುದು ಗೋಡೆಯಲ್ಲ, ಕಟ್ಟಿಗೆ. ಸಾಗವಾನಿಯ ಕಂಬ, ಮತ್ತಿಯ ತೊಲೆ, ಕೆತ್ತನೆಯ ಬಾಗಿಲವಾಡ ಇವುಗಳನ್ನು ಕಿತ್ತರೆ ಉಳಿಯುವುದು ಮಣ್ಣಿನ ದಿಬ್ಬ. 1876-78ರ ಭೀಕರ ಬರದಲ್ಲಿ ದಖನ್ನಿನ ಹಲವು ಹಳ್ಳಿಗಳ ಜನ ಮನೆಯ ಬಾಗಿಲು, ತೊಲೆಗಳನ್ನೇ ಕಿತ್ತು ಕಾಳಿಗಾಗಿ ಮಾರಿದ್ದುಂಟು. ಒಳ್ಳೆಯ ಕಾಲದಲ್ಲಿಯೂ ‘ಮನೆ’ ಮಾರಿದ್ದೋ ‘ಸಾಮಾನು’ ಮಾರಿದ್ದೋ ಎಂಬ ಪ್ರಶ್ನೆ ಬರುತ್ತಿತ್ತು. ಮಾತು ಮುರಿಯದಿದ್ದರೂ ಬಾಗಿಲು ಮುರಿದುಕೊಂಡು ಹೋದ ಮಾರಾಟಗಾರರು ಎಲ್ಲ ಊರುಗಳಲ್ಲಿಯೂ ಇದ್ದಾರು.

ಆರು ಬಗೆಯ ಒಪ್ಪಿಗೆ

ಈಗ ಒಂಬತ್ತು ಶತಮಾನ ಹಿಂದಕ್ಕೆ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯ ಆಳಿದ್ದು 1076ರಿಂದ 1126ರವರೆಗೆ. ಯಲವಿಗಿಯ ಸುತ್ತಲಿನ ಪುಲಿಗೆರೆ, ಪಾನುಂಗಲ್ಲು, ಬನವಾಸಿ ನಾಡುಗಳೆಲ್ಲ ಆಗ ಆ ಸಾಮ್ರಾಜ್ಯಕ್ಕೆ ಸೇರಿದ್ದವು. ಇಂದಿನ ಲಕ್ಷ್ಮೇಶ್ವರವೇ ಅಂದಿನ ಪುಲಿಗೆರೆ, ಹಾನಗಲ್ಲೇ ಪಾನುಂಗಲ್ಲು. ಅದೇ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ಹಿಂದೂ ಆಸ್ತಿ ಹಕ್ಕಿನ ವಿಷಯದಲ್ಲಿ ಬಂಗಾಳ, ಅಸ್ಸಾಂ ಬಿಟ್ಟು ದೇಶದ ಬಹುಭಾಗಕ್ಕೆ ಪ್ರಮಾಣವಾದ ಗ್ರಂಥ ಇದು.

ವಿಜ್ಞಾನೇಶ್ವರನ ಮುಂದೆ ಒಂದು ಇಕ್ಕಟ್ಟಿತ್ತು. ಸ್ಥಿರಾಸ್ತಿಯನ್ನು ಮಾರಬಾರದು ಎಂಬ ಹಳೆಯ ವಚನ ಒಂದು ಕಡೆ. ಜನ ಮಾರುತ್ತಿದ್ದರೆಂಬ ಸತ್ಯ ಇನ್ನೊಂದು ಕಡೆ. ಭೂಮಿ ಒಬ್ಬರಿಂದ ಒಬ್ಬರಿಗೆ ಹೋಗುವುದು ಆರು ಸಂಗತಿಗಳಿಂದ ಎಂಬ ಪ್ರಾಚೀನ ಮಾತೊಂದನ್ನು ಅವನು ಎತ್ತಿಕೊಂಡ. ತನ್ನ ಊರಿನವರು, ಬಂಧುಗಳು, ನೆರೆಯವರು, ದಾಯಾದಿಗಳು ಈ ನಾಲ್ವರ ಸಮ್ಮತಿ. ಜೊತೆಗೆ ಚಿನ್ನ ಮತ್ತು ನೀರನ್ನು ಕೊಡುವುದು. ಅವನು ಕೊಟ್ಟ ವಿವರಣೆಯಲ್ಲಿ ವ್ಯವಹಾರ ಬಲ್ಲವನ ಜಾಣ್ಮೆಯಿದೆ. ಊರಿನವರ ಒಪ್ಪಿಗೆ ಇಲ್ಲದಿದ್ದರೆ ಮಾರಾಟ ಬಿದ್ದುಹೋಗುತ್ತದೆಂದಲ್ಲ. ವ್ಯವಹಾರ ನಾಲ್ಕು ಜನಕ್ಕೆ ಗೊತ್ತಾಗಲಿ ಎಂದು. ನೆರೆಯವರ ಒಪ್ಪಿಗೆ ಬೇಕಾದದ್ದು ನಾಳೆ ಗಡಿಯ ತಕರಾರು ಹುಟ್ಟದಿರಲೆಂದು. ಬಂಧುಗಳ ಒಪ್ಪಿಗೆ, ಆಸ್ತಿ ಹಂಚಿಕೆಯಾಗಿದೆಯೇ ಇಲ್ಲವೇ ಎಂಬ ಸಂಶಯ ಬಾರದಿರಲೆಂದು. ಇನ್ನು ಚಿನ್ನ, ನೀರು? ಮಾರಾಟಕ್ಕೆ ನಿಷೇಧವಿದ್ದರೂ ದಾನಕ್ಕೆ ಪ್ರಶಂಸೆಯಿದೆ. ಆದ್ದರಿಂದ ಮಾರುವಾಗಲೂ ದಾನದ ರೂಪದಲ್ಲಿ, ಕೈಮೇಲೆ ನೀರೆರೆದು ಕೊಡಬೇಕು ಎಂದ.

ಹಣ ಎಣಿಸಿಕೊಂಡೂ ದಾನ ಕೊಟ್ಟಂತೆ ಕೊಡಬೇಕೆಂಬ ಈ ಮಾತು ಮೇಲುನೋಟಕ್ಕೆ ತಂತ್ರದಂತೆ ಕಾಣಬಹುದು. ಆದರೆ ಅದರಿಂದ ಮಾರುವವನ ನಡೆಗೆ ಒಂದು ಮಟ್ಟ ಗೊತ್ತಾಗುತ್ತಿತ್ತು. ದಾನ ಕೊಟ್ಟ ಮನೆಯ ಅಗಳಿಯನ್ನು ಕಿತ್ತುಕೊಂಡು ಹೋಗುವವನಿಲ್ಲ.

ಮುಂಗಡಕ್ಕೆ ಉತ್ತರ ಕರ್ನಾಟಕದಲ್ಲಿ ಇಂದಿಗೂ ‘ಸಂಚಕಾರ’ ಎಂಬ ಮಾತಿದೆ. ಅದು ಯಾಜ್ಞವಲ್ಕ್ಯ ಸ್ಮೃತಿಯ ‘ಸತ್ಯಂಕಾರ’ದ ತದ್ಭವ: ಮಾತು ಸತ್ಯವೆಂದು ತೋರಿಸಲು ಕೊಟ್ಟ ಹಣ. ಮಾರುವವನು ಮಾತು ತಪ್ಪಿದರೆ ಇಮ್ಮಡಿ ಹಿಂದಿರುಗಿಸಬೇಕೆಂದು ಸ್ಮೃತಿ ಹೇಳುತ್ತದೆ. ಅದೇ ಶಬ್ದ ಕನ್ನಡದಲ್ಲಿ ಅಪಾಯ ಎಂಬ ಅರ್ಥವನ್ನೂ ಪಡೆದು ‘ಪ್ರಾಣಕ್ಕೆ ಸಂಚಕಾರ’ ಆದದ್ದು ಭಾಷೆಯ ತಮಾಷೆ.

ಕಲ್ಲಿನ ಮೇಲಿನ ಖರೇದಿ

ಮಿತಾಕ್ಷರಾ ಓದಿದವರು ಹಳ್ಳಿಯಲ್ಲಿ ಎಷ್ಟು ಮಂದಿಯೋ, ಆದರೆ ಅದರ ರೀತಿ ಹಳ್ಳಿಗಳಲ್ಲಿತ್ತು. ಈ ಭಾಗದ ಶಾಸನಗಳಲ್ಲಿ ಹೊಲ, ತೋಟಗಳ ಜೊತೆಗೆ ಮನೆಯ ನಿವೇಶನಗಳನ್ನು ಕೊಟ್ಟ ಉಲ್ಲೇಖಗಳು ಧಾರಾಳವಾಗಿವೆ. ಹೊಲವನ್ನು ಗಳೆಯಿಂದ ಅಳೆದರೆ ಮನೆಯನ್ನು ಕೈಯಿಂದ ಅಳೆಯುತ್ತಿದ್ದರು. ನಾಲ್ಕು ದಿಕ್ಕಿನ ಗಡಿ ಹೇಳಿ, ಪಡೆಯುವವರ ಕಾಲು ತೊಳೆದು, ಧಾರಾಪೂರ್ವಕ ಕೊಟ್ಟರೆಂದು ಬರೆಸುತ್ತಿದ್ದರು. ಮನೆದೆರೆಯಿಂದ ವಿನಾಯಿತಿ ಇದ್ದರೆ ಅದನ್ನೂ ಸೇರಿಸುತ್ತಿದ್ದರು. ಇಂದಿನ ಮನೆಪಟ್ಟಿಯ ಪೂರ್ವಜ ಈ ಮನೆದೆರೆ.

ವಿಜಯನಗರದ ಕಾಲದ ಹೊತ್ತಿಗೆ ‘ಅಷ್ಟಭೋಗ ತೇಜಸ್ವಾಮ್ಯ’ ಎಂಬ ಮಾತು ಶಾಸನಗಳಲ್ಲಿ ನೆಲೆಗೊಂಡಿತು. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂಬ ಎಂಟು ಭೋಗಗಳು. ಸರಳವಾಗಿ ಹೇಳುವುದಾದರೆ ಹೂತಿಟ್ಟ ಸಂಪತ್ತು, ಇರಿಸಿದ ಒಡವೆ, ನೀರು, ಕಲ್ಲು, ಈಗ ಸಿಗುತ್ತಿರುವುದು, ಮುಂದೆ ಬರುವುದು, ಆಗಿರುವ ಕೃಷಿ, ಮಾಡಬಹುದಾದ ಕೃಷಿ ಎಲ್ಲವೂ ಪಡೆದವನಿಗೇ. ಕೊಟ್ಟವನು ‘ಇದೊಂದು ನನಗಿರಲಿ’ ಎನ್ನುವಂತಿಲ್ಲ. ಅಜ್ಜ ಹೂತಿಟ್ಟ ಗಡಿಗೆ ನೆನಪಿದ್ದರೆ ಧಾರೆಯೆರೆಯುವ ಮೊದಲೇ ಅಗೆದುಕೊಳ್ಳಬೇಕು. ಈಗ ಆ ಮೊದಲ ಭೋಗ ಕೊಂಡವನಿಗೂ ಇಲ್ಲ, ಮಾರಿದವನಿಗೂ ಇಲ್ಲ. ಕಾಯ್ದೆಯ ಪ್ರಕಾರ ನಿಧಿ ಸಿಕ್ಕರೆ ಮೊದಲು ಸರಕಾರಕ್ಕೆ ತಿಳಿಸಬೇಕು.

ಆಮೇಲಿನ ಆಳ್ವಿಕೆಗಳು ಬಿಟ್ಟುಹೋದ ಗುರುತು ಹೆಚ್ಚಾಗಿ ಶಬ್ದಗಳಲ್ಲಿದೆ. ಮೈಸೂರು ಕಡೆಯ ‘ಕ್ರಯಪತ್ರ’ ಇಲ್ಲಿ ‘ಖರೇದಿ ಪತ್ರ’. ಖರೇದಿ ಫಾರಸಿಯಿಂದ ಬಂದದ್ದು. ಸ್ವಾಧೀನಕ್ಕೆ ‘ಕಬ್ಜಾ’; ಅದು ಅರಬ್ಬಿ ಮೂಲದ್ದು. ದಾಖಲೆಯ ನಕಲಿಗೆ ‘ಉತಾರ’. ಅದು ಮರಾಠಿಯಿಂದ ಬಂತು. ಕಾಗದದ ಮಾತುಗಳೆಲ್ಲ ಹೀಗೆ ಹೊರಗಿನಿಂದ ಬಂದರೂ ಮನೆಯೊಳಗಿನ ಹೊಸ್ತಿಲು, ತೊಲೆ, ಜಂತಿ, ಹಗೇವು, ಒರಳುಗಳ ಹೆಸರು ಬದಲಾಗಲಿಲ್ಲ.

ನೂರು ರೂಪಾಯಿಯ ಗೆರೆ

ಪೇಶ್ವೆಯ ಪತನದೊಂದಿಗೆ ಧಾರವಾಡ ಸೀಮೆ ಕಂಪನಿ ಸರಕಾರಕ್ಕೆ ಸೇರಿ, ಮುಂದೆ ಮುಂಬಯಿ ಪ್ರಾಂತದ ಜಿಲ್ಲೆಯಾಯಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬಾರದಾದಾಗ ಧಾರವಾಡದ ಹತ್ತಿಗೆ ಕಂಡು ಕೇಳರಿಯದ ಬೆಲೆ ಬಂತು. ಬಂಡಿಗಟ್ಟಲೆ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಯಿತು. ಯುದ್ಧ ಮುಗಿದೊಡನೆ ಬೆಲೆ ಕುಸಿಯಿತು; ಹತ್ತೇ ವರ್ಷದಲ್ಲಿ ಬರವೂ ಬಂತು. ಬೆಲೆ ಇದ್ದಾಗ ಮಾಡಿದ ಸಾಲಕ್ಕೆ ಬೆಲೆ ಇಲ್ಲದಾಗ ಹೊಲಮನೆ ಬರೆದುಕೊಡುವ ಕಾಲ ಅದು. ಇದೇ ಕಾಲದಲ್ಲಿ, 1860ರ ದಶಕದಲ್ಲಿ, ದಸ್ತಾವೇಜುಗಳ ಕಡ್ಡಾಯ ನೋಂದಣಿ ಆರಂಭವಾಯಿತು. ಊರಿನ ನಾಲ್ಕು ಜನರ ಸಾಕ್ಷಿಯ ಜಾಗಕ್ಕೆ ರಜಿಸ್ಟ್ರಾರ್ ಕಚೇರಿಯ ಮುದ್ರೆ ಬಂದು ಕೂತಿತು.

ಆಸ್ತಿ ವರ್ಗಾವಣೆ ಕಾಯ್ದೆ 1882ರದು. ಆದರೆ ಅದು ಆಗಲೇ ಇಲ್ಲಿಗೆ ಅನ್ವಯಿಸಲಿಲ್ಲ. ಮುಂಬಯಿ ಪ್ರಾಂತಕ್ಕೆ ಅದು ಜಾರಿಯಾದದ್ದು 1893ರ ಜನವರಿ 1ರಿಂದ. ಸವಣೂರು ಸಂಸ್ಥಾನ ನವಾಬರ ಆಳ್ವಿಕೆಯಲ್ಲಿ ಪ್ರತ್ಯೇಕವಾಗಿದ್ದು 1948ರಲ್ಲಿ ಮುಂಬಯಿಯಲ್ಲಿ ವಿಲೀನವಾಯಿತು. ಬ್ರಿಟಿಷ್ ಹಿಂದುಸ್ಥಾನದ ಕಾಯ್ದೆ ಸಂಸ್ಥಾನಗಳಿಗೆ ತಾನಾಗಿ ಅನ್ವಯಿಸುತ್ತಿರಲಿಲ್ಲವಾದ್ದರಿಂದ ಸಂಸ್ಥಾನದ ಗಡಿಯ ಆಚೆ ಈಚೆ ಮನೆ ಮಾರುವವರಿಗೆ ಬೇರೆ ಬೇರೆ ಕಾನೂನು.

ಈ ಕಾಯ್ದೆಯ 54ನೆಯ ಕಲಮಿನಲ್ಲಿ ಒಂದು ಗೆರೆ ಇದೆ. ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿಯನ್ನು ನೋಂದಣಿಯಾದ ಪತ್ರದಿಂದಲೇ ಮಾರಬೇಕು. ಅದಕ್ಕಿಂತ ಕಡಿಮೆ ಬೆಲೆಯದಾದರೆ ಪತ್ರವೇ ಬೇಡ. ಕೊಂಡವನನ್ನು ಸ್ವಾಧೀನದಲ್ಲಿ ಇರಿಸಿದರೆ ಸಾಕು, ಮಾರಾಟ ಆದಂತೆಯೇ. ಆ ಕಾಲದ ಹಳ್ಳಿಯ ಸಣ್ಣ ಮಣ್ಣಿನ ಮನೆಗೆ ನೂರು ರೂಪಾಯಿ ಎಂದರೆ ದೊಡ್ಡ ಮಾತು. ಎಂದರೆ ಬಡವರ ಮನೆಗಳ ಮಟ್ಟಿಗೆ ಮನೆ ಖಾಲಿ ಮಾಡಿ, ಕೊಂಡವನನ್ನು ಒಳಗೆ ಕರೆದು, ಕೀಲಿಕೈ ಅವನ ಕೈಗಿಡುವ ಕ್ರಿಯೆಯೇ ಖರೇದಿ. ಅದು ಸರಿಯಾಗಿ, ನಾಲ್ಕು ಜನರೆದುರು ನಡೆಯದಿದ್ದರೆ ಮುಂದೆ ತೋರಿಸಲು ಬೇರೇನೂ ಇಲ್ಲ. ವಿಜ್ಞಾನೇಶ್ವರ ಹೇಳಿದ ನೆರೆಯವರು ಇಲ್ಲಿ ಹಿತ್ತಿಲ ಬಾಗಿಲಿನಿಂದ ಮತ್ತೆ ಬಂದರು ಎನ್ನಬಹುದು. ಆ ನೂರು ರೂಪಾಯಿಯ ಗೆರೆ ಕಾಯ್ದೆಯಲ್ಲಿ ಹಾಗೆಯೇ ಉಳಿಯಿತು. ಈಗ ಆ ದುಡ್ಡಿಗೆ ಒಳ್ಳೆಯ ಚಿಲಕವೂ ಬಾರದು.

ಯಾವುದು ಮನೆಯದು, ಯಾವುದು ಸಂಸಾರದ್ದು ಎಂಬ ಹಳೆಯ ಜಗಳಕ್ಕೆ 8ನೆಯ ಕಲಮಿನಲ್ಲಿ ಉತ್ತರವಿದೆ. ಮನೆಯನ್ನು ವರ್ಗಾಯಿಸಿದರೆ, ಬೇರೆ ಮಾತಾಗಿಲ್ಲದಿದ್ದಲ್ಲಿ, ಅದರ ಬೀಗ, ಕೀಲಿಕೈ, ಸರಳು, ಬಾಗಿಲು, ಕಿಟಕಿ ಮತ್ತು ಮನೆಯೊಂದಿಗೆ ಕಾಯಂ ಬಳಕೆಗಾಗಿ ಇರಿಸಿದ ಎಲ್ಲವೂ ಕೊಂಡವನಿಗೇ ಹೋಗುತ್ತವೆ. ಕಾನೂನು ಬರೆದವರು ಅಗಳಿ ಚಿಲಕದವರೆಗೆ ಇಳಿದು ಬರೆದಿದ್ದಾರೆಂದರೆ ಅವನ್ನು ಕಿತ್ತೊಯ್ಯುವ ಚಟ ಲಂಡನ್ನಿನಲ್ಲಿಯೂ ಇತ್ತೆಂದೇ ಅರ್ಥ.

ಮಾಳಿಗೆಯ ಪ್ರಶ್ನೆಗೆ ಉತ್ತರ 55ನೆಯ ಕಲಮಿನಲ್ಲಿದೆ. ಕರಾರಾದ ದಿನದಿಂದ ಒಪ್ಪಿಸುವ ದಿನದವರೆಗೆ, ಸಾಮಾನ್ಯ ವಿವೇಕವುಳ್ಳ ಮಾಲೀಕ ತನ್ನ ಆಸ್ತಿಯನ್ನು ನೋಡಿಕೊಳ್ಳುವಂತೆ ಮಾರುವವನು ಅದನ್ನೂ ಅದರ ಕಾಗದಪತ್ರಗಳನ್ನೂ ನೋಡಿಕೊಳ್ಳಬೇಕು. ಮಾರಾಟದ ದಿನದವರೆಗಿನ ಸರಕಾರಿ ಬಾಕಿ ತೀರಿಸಬೇಕು. ಕೊಳ್ಳುವವನಿಗೆ ಗೊತ್ತಿಲ್ಲದ, ಸಾಮಾನ್ಯವಾಗಿ ನೋಡಿದರೆ ಕಾಣದ ದೋಷವಿದ್ದು ತನಗೆ ಗೊತ್ತಿದ್ದರೆ ಹೇಳಬೇಕು. ಪೂರ್ತಿ ಹಣ ಸಂದ ಮೇಲೆ ಹಳೆಯ ಪತ್ರಗಳನ್ನು ಒಪ್ಪಿಸಬೇಕು. ಆದರೆ ಒಡೆತನ ದಾಟಿದ ಮೇಲೆ ಮಾರಿದವನ ತಪ್ಪಿಲ್ಲದೆ ಮನೆ ಬಿದ್ದರೆ ನಷ್ಟ ಕೊಂಡವನದು, ಅವನು ಇನ್ನೂ ಹೊಸ್ತಿಲು ದಾಟಿರದಿದ್ದರೂ. ಜೂನ್ ಮೊದಲ ವಾರದಲ್ಲಿ ಖರೇದಿ ಮುಗಿಸಿ, ‘ಶ್ರಾವಣದಾಗ ಬರ್ತೀವಿ’ ಎಂದು ಮನೆ ಹಾಗೆಯೇ ಬಿಟ್ಟವರು ಓದಿಕೊಳ್ಳಬೇಕಾದ ಮಾತು ಇದು.

ಒರಳು, ತೂಗುಮಣೆ, ತುಳಸಿ

ಕಾಯ್ದೆ ಎಷ್ಟೇ ಇಳಿದು ಬಂದರೂ ಅಡುಗೆಮನೆಯ ತನಕ ಬರಲಿಲ್ಲ. ನೆಲದಲ್ಲಿ ಹೂತ ಒರಳು ಮನೆಯದೆಂಬುದರಲ್ಲಿ ತಕರಾರಿಲ್ಲ. ಬೀಸುಕಲ್ಲು? ಅದನ್ನು ಎತ್ತಬಹುದು, ಹೊರುವವರು ಸಿಕ್ಕರೆ ಒಯ್ಯಬಹುದು. ಪಡಸಾಲೆಯ ತೂಗುಮಣೆಯ ಹಲಗೆ ಸಂಸಾರದ್ದು, ಸರಪಳಿ ಸಂಶಯದ್ದು, ತೊಲೆಯಲ್ಲಿ ಬಡಿದ ಕೊಂಡಿ ಮನೆಯದು. ಬಾಣಂತಿಯ ಕೋಣೆಯ ತೊಟ್ಟಿಲ ಕೊಂಡಿಯೂ ಹಾಗೆಯೇ ಉಳಿಯುತ್ತದೆ. ಮೂರು ತಲೆಮಾರಿನ ಮಕ್ಕಳು ತೂಗಿದ ಆ ಕಬ್ಬಿಣದ ಬಳೆಗೆ ಹೊಸಬರ ಕೂಸು ಬಂದಾಗ ಎಣ್ಣೆ ಬೀಳುತ್ತದೆ.

ದೇವರ ವಿಷಯದಲ್ಲಿ ರೂಢಿ ಹೆಚ್ಚು ಖಚಿತ. ಮನೆದೇವರ ಮೂರ್ತಿಗಳು, ಹಿರಿಯರ ಬೆಳ್ಳಿಯ ತಗಡುಗಳು ಹೊರಡುವವರ ಜೊತೆಗೇ ಹೋಗುತ್ತವೆ. ಜಗಲಿ ಉಳಿಯುತ್ತದೆ, ಅದನ್ನು ತೊಳೆದು, ಸಾರಿಸಿ ಬಿಡಬೇಕು. ಬಾಗಿಲವಾಡದ ಮೇಲೆ ಕೆತ್ತಿದ ಗಣಪ ಎಲ್ಲಿಗೂ ಹೋಗುವವನಲ್ಲ. ತುಳಸಿಯದು ಎರಡು ಭಾಗ: ಕಟ್ಟೆ ಮನೆಗೆ, ಗಿಡದ ಒಂದು ಸಸಿ ಹೊರಡುವವರ ಡಬ್ಬಿಗೆ. ಹಿತ್ತಲಲ್ಲಿ ನಾಗರಕಲ್ಲಿದ್ದರೆ ತೋರಿಸಿ, ಪಂಚಮಿಗೆ ಹಾಲೆರೆಯಬೇಕೆಂದು ಹೇಳಿ ಹೋಗುತ್ತಾರೆ. ಹೊಸಬರು ಬಂದು ಲಿಂಗಾಯತರ ಮನೆಗಳಲ್ಲಿ ಜಂಗಮರ ಪಾದಪೂಜೆ ಮಾಡಿಸುತ್ತಾರೆ. ಹಾಲು ಉಕ್ಕಿಸುವುದು, ಹಸುವನ್ನು ಒಳಗೆ ಕರೆತರುವುದು ಹಲವರಲ್ಲಿದೆ. ಮುಸಲ್ಮಾನರ ಮನೆಗಳಲ್ಲಿ ಮೊದಲು ಕುರಾನ್ ಒಳಗೆ ಬರುತ್ತದೆ. ಇವೆಲ್ಲ ಬರುವವರ ವಿಧಿಗಳು, ಎಲ್ಲರಿಗೂ ಗೊತ್ತು. ಹೊರಡುವವರಿಗೆ ಪುರೋಹಿತರಿಲ್ಲ, ಮುಹೂರ್ತದ ಆಮಂತ್ರಣ ಪತ್ರಿಕೆ ಇಲ್ಲ. ಅವರ ವಿಧಿ ಎಂದರೆ ಕಸಪೊರಕೆ.

ಅದರಲ್ಲೂ ಒಂದು ಸೂಕ್ಷ್ಮವಿದೆ. ಮನೆಯಿಂದ ಯಾರಾದರೂ ಹೊರಟೊಡನೆ ಹಿಂದೆಯೇ ಕಸ ಗುಡಿಸಬಾರದೆಂಬುದು ಕನ್ನಡದ ಮನೆಗಳೆಲ್ಲ ಪಾಲಿಸುವ ನಿಯಮ; ಹಾಗೆ ಗುಡಿಸುವುದು ಹೆಣ ಹೊರಟ ಮನೆಯಲ್ಲಿ. ಹಾಗಾದರೆ ಮಾರಿದ ಮನೆಯನ್ನು ಯಾರು ಗುಡಿಸಬೇಕು? ಬರುವವರು ಬಂದ ಕೂಡಲೇ ಗುಡಿಸಿದರೆ ಹೋದವರಿಗೆ ಕೇಡು. ಆದ್ದರಿಂದ ಹೋಗುವವರೇ, ಹೋಗುವ ಮುಂಚೆಯೇ, ಅಟ್ಟದ ಜೇಡರ ಬಲೆಯಿಂದ ಬಚ್ಚಲ ಮೋರಿಯವರೆಗೆ ಗುಡಿಸಿ, ಸಾರಿಸಿ, ಹೊಸ್ತಿಲಿಗೆ ರಂಗೋಲಿ ಎಳೆದು ಹೊರಡಬೇಕು. ಹೀಗೆ ಎಲ್ಲ ಕಡೆ ಆಗುತ್ತದೆಂದಲ್ಲ. ಬಾಕಿ ಹಣದ ಜಗಳವಾಗಿ ಒಲೆಯನ್ನು ಒಡೆದು ಹೋದವರೂ ಇದ್ದಾರೆ. ಆದರೆ ಹಾಗೆ ಮಾಡಿದವರನ್ನು ಊರು ಬಹಳ ಕಾಲ ನೆನಪಿಡುತ್ತದೆ.

ಹಗೇವಿನ ಬಾಯಿ

ಎಲ್ಲಕ್ಕಿಂತ ಮುಖ್ಯವಾದ ಒಪ್ಪಿಸುವಿಕೆ ಹಗೇವಿನದು. ಜೋಳದ ನಾಡಿನ ಹಳೆಯ ಮನೆಗಳಲ್ಲಿ ಪಡಸಾಲೆಯ ನೆಲದಡಿಯೋ, ಮನೆಯ ಮುಂದಿನ ಬಯಲಲ್ಲೋ ಕಾಳು ತುಂಬುವ ಆಳದ ಗುಂಡಿ ಇರುತ್ತಿತ್ತು. ಬಾಯಿ ಮಾತ್ರ ಕಿರಿದು, ಒಳಗೆ ಅಗಲ. ಸುತ್ತ ಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕಾಳು ಕೆಡದು. ಕೆಡದಿರುವ ಕಾರಣವೇ ಅದರ ಅಪಾಯ. ಮುಚ್ಚಿದ ಗುಂಡಿಯಲ್ಲಿ ಕಾಳು, ಹುಳುಗಳ ಉಸಿರಾಟಕ್ಕೆ ಆಮ್ಲಜನಕ ಮುಗಿದು ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಹುಳು ಸಾಯುತ್ತವೆ, ತೆರೆದ ಕೂಡಲೇ ಇಳಿದರೆ ಮನುಷ್ಯನೂ ಸಾಯುತ್ತಾನೆ. ಅದಕ್ಕೇ ಬಾಯಿ ತೆರೆದು ಬಹಳ ಹೊತ್ತು ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು ಆರುತ್ತದೆಯೇ ನೋಡಿ, ಆಮೇಲೆ ಇಳಿಯುವ ಪದ್ಧತಿ.

ಕಾಳನ್ನು ಚೀಲದಲ್ಲಿಡುವ ಕಾಲ ಬಂದ ಮೇಲೆ ಹಗೇವುಗಳು ಖಾಲಿಯಾದವು. ಮೇಲೆ ಫರಸಿ ಕಲ್ಲು ಬಂದು ಬಾಯಿ ಮರೆಯಾಯಿತು. ಖರೇದಿ ಪತ್ರದಲ್ಲಿ ನಾಲ್ಕು ದಿಕ್ಕಿನ ಗಡಿ ಇರುತ್ತದೆ. ಹಗೇವು ಇರುವುದು ಐದನೆಯ ದಿಕ್ಕಿನಲ್ಲಿ, ಕೆಳಗೆ. ಕೊಂಡವರು ಹೊಸ ಕಟ್ಟಡಕ್ಕೆ ಅಡಿಪಾಯ ತೋಡುವಾಗ, ಭಾರದ ಗೋಡೆ ಎಬ್ಬಿಸುವಾಗ ಅದು ಬಾಯಿ ಬಿಡುತ್ತದೆ. ಆದ್ದರಿಂದಲೇ ತಿಳಿದ ಹಿರಿಯರು ಕೀಲಿಕೈ ಕೊಡುವ ದಿನ ಕೊಂಡವನನ್ನು ಮನೆಯ ತುಂಬ ಒಂದು ಸುತ್ತು ಕರೆದೊಯ್ಯುತ್ತಾರೆ. ‘ಹಗೇವು ಇಲ್ಲೈತಿ ನೋಡ್ರಿ, ಕಂಬದಿಂದ ಮೂರು ಹೆಜ್ಜಿ. ಈ ಮೂಲ್ಯಾಗಿನ ಜಂತಿ ಗೆದ್ದಲು ಹಿಡದೈತಿ, ಮಳಿಗಾಲಕ್ಕ ಮುಂಚೆ ಬದಲಿ ಮಾಡ್ರಿ. ಹಿತ್ತಲ ಗ್ವಾಡಿ ನಮ್ಮದು, ಅದರಾಚೆ ಕಾಲುದಾರಿ ಎಲ್ಲಾರದೂ’ ಎಂಬಂಥ ಮಾತು. ಕಾಯ್ದೆ ಹೇಳುವ ‘ಕಾಣದ ದೋಷವನ್ನು ತಿಳಿಸುವುದು’ ಎಂದರೆ ಇದೇ. ಅರ್ಧ ಗಂಟೆಯ ಈ ಸುತ್ತಿನ ನಕಲು ಯಾವ ಕಚೇರಿಯಲ್ಲೂ ಸಿಗುವುದಿಲ್ಲ.

ಹೇಳುವವರಿಲ್ಲದ ಮನೆಗಳು

ಈ ಸುತ್ತು ತಪ್ಪಿಹೋಗತೊಡಗಿದ್ದು ಕಳೆದ ಐವತ್ತು ವರ್ಷಗಳಲ್ಲಿ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿಯಿಂದ ಗೇಣಿಯ ಹೊಲಗಳು ಉಳುವವರ ಪಾಲಾದವು. ಅದು ನ್ಯಾಯವಾದ ಕೆಲಸ. ಗೇಣಿಯನ್ನೇ ನಂಬಿದ್ದ ಅನೇಕ ಮನೆತನಗಳು ಊರು ಬಿಟ್ಟದ್ದು ಅದರ ಇನ್ನೊಂದು ಮುಖ. ಹೊಲ ಹೋದ ಮೇಲೆ ವಾಡೆಗೆ ಅರ್ಥವಿರಲಿಲ್ಲ. ಕೆಲವರು ಕೂಡಲೇ ಮಾರಿದರು. ಹಲವರು ಕೀಲಿ ಹಾಕಿ ಹೋದರು; ಮಾಳಿಗೆಗೆ ಮಣ್ಣು ಹಾಕುವವರಿಲ್ಲದೆ ಅರ್ಧ ಬಿದ್ದ ಮೇಲೆ ಮಕ್ಕಳೋ ಮೊಮ್ಮಕ್ಕಳೋ ಬಂದು ಒಂದೇ ದಿನದಲ್ಲಿ ಮಾರಿದರು. ಅವರಿಗೆ ಹಗೇವು ಎಲ್ಲಿದೆಯೆಂದು ಗೊತ್ತಿಲ್ಲ, ಗೊತ್ತಿದ್ದವರು ಇಲ್ಲ. ಇಂಥ ಮನೆಗಳನ್ನು ಕೊಂಡವರು ಕಂಬ, ಬಾಗಿಲು ಬಿಚ್ಚಿ ಮಾರಿ, ನಿವೇಶನವನ್ನಷ್ಟೇ ಉಳಿಸಿಕೊಂಡದ್ದೂ ಸಾಮಾನ್ಯ. ಹಾಗೆ ಬಿಚ್ಚಿದ ಕಟ್ಟಿಗೆಯೆಲ್ಲ ಒಲೆ ಸೇರಲಿಲ್ಲ ಎಂಬುದು ಸಮಾಧಾನ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ನಲ್ಲಿ ಕರಾವಳಿಯ ಮನೆಗಳ ಜೊತೆಗೆ ಉತ್ತರ ಕರ್ನಾಟಕದ ಮುಧೋಳ, ಕುಕನೂರುಗಳ ಕಟ್ಟಡಗಳೂ ಮರುಜೋಡಣೆಗೊಂಡು ನಿಂತಿವೆ.

ಕಾಗದದ ಕಡೆ ಬಿಗಿ ಹೆಚ್ಚಿದೆ. 2013ರಿಂದ ಬಂದ ಇ-ಸ್ವತ್ತು ವ್ಯವಸ್ಥೆಯಲ್ಲಿ ಗ್ರಾಮ ಪಂಚಾಯಿತಿಯ ನಮೂನೆಗಳಿಲ್ಲದೆ ಹಳ್ಳಿಯ ಮನೆಯ ನೋಂದಣಿ ಕಷ್ಟ. ಆದರೂ ಮಾರಿದವರ ಹೆಸರಿನಲ್ಲೇ ಮನೆಪಟ್ಟಿ, ನಳದ ಪಟ್ಟಿ, ವಿದ್ಯುತ್ ಮೀಟರು ವರ್ಷಗಟ್ಟಲೆ ಉಳಿಯುವುದುಂಟು. ಎಲ್ಲ ಸರಿಯಿರುವಾಗ ಅದು ಯಾರಿಗೂ ನೆನಪಾಗದು. 2019ರ ಆಗಸ್ಟಿನ ಮಳೆಯಲ್ಲಿ ಹಾವೇರಿ ಜಿಲ್ಲೆಯಲ್ಲಿ ಸಾವಿರಾರು ಮನೆಗಳಿಗೆ ಹಾನಿಯಾಯಿತು. ಹೆಚ್ಚಿನವು ಮಣ್ಣಿನ ಗೋಡೆಯವು. ಪೂರ್ತಿ ಬಿದ್ದ ಮನೆಗೆ ಸರಕಾರ 5 ಲಕ್ಷ ರೂಪಾಯಿ ನೆರವು ಘೋಷಿಸಿತು. ಇಂಥ ಹೊತ್ತಿನಲ್ಲಿ ಬಿದ್ದ ಗೋಡೆಯ ಮುಂದೆ ನಿಂತವನ ಹೆಸರೂ ಪಂಚಾಯಿತಿಯ ಪುಸ್ತಕದಲ್ಲಿರುವ ಹೆಸರೂ ಒಂದೇ ಆಗಿರಬೇಕು. ಹೊರಡುವ ಮುಂಚೆ ಪಂಚಾಯಿತಿಗೆ ಹೋಗಿ ಬಾಕಿ ತೀರಿಸಿ, ಹೆಸರು ಬದಲಿಸಲು ಸಹಿ ಹಾಕಿ ಬರುವುದು ಜಗಲಿ ತೊಳೆಯುವಷ್ಟೇ ಅಗತ್ಯದ ಕೆಲಸವಾಗಿದೆ.

ಮೀಟರ್ ಗೇಜ್ ಹೋಗಿ 1990ರ ದಶಕದಲ್ಲಿ ಬ್ರಾಡ್ ಗೇಜ್ ಬಂದಿತು. ಮನೆಯ ಸಾಮಾನು ಈಗ ಬಂಡಿಯಲ್ಲಿ ಯಲವಿಗಿ ನಿಲ್ದಾಣಕ್ಕೆ ಬರುವುದಿಲ್ಲ. ಟಾಟಾ ಏಸ್‌ನಲ್ಲಿ ನೇರ ಹುಬ್ಬಳ್ಳಿಗೆ ಹೋಗುತ್ತದೆ. ಹಂಡೆ, ದೇವರ ಪೆಟ್ಟಿಗೆ, ಡಬ್ಬಿಯಲ್ಲಿ ತುಳಸಿಯ ಸಸಿ ಎಲ್ಲವೂ ಏರುತ್ತವೆ. ಕೊನೆಗೆ ಉಳಿಯುವುದು ಬೆಕ್ಕು. ಮಿತಾಕ್ಷರಾದಲ್ಲಾಗಲಿ, ಅಷ್ಟಭೋಗದಲ್ಲಾಗಲಿ, 8ನೆಯ ಕಲಮಿನಲ್ಲಾಗಲಿ ಅದರ ಮಾತಿಲ್ಲ. ಚೀಲದಲ್ಲಿ ಕಟ್ಟಿ ಒಯ್ಯುವವರುಂಟು. ಹೊಸ ಮನೆ ಅದೇ ಊರಲ್ಲಿದ್ದರೆ ವಾರದೊಳಗೆ ಅದು ಹಳೆಯ ಮಾಳಿಗೆಗೆ ಮರಳಿರುತ್ತದೆ. ಕೊಂಡವರ ಮನೆಯ ಹುಡುಗರು ಅದಕ್ಕೆ ಹೊಸ ಹೆಸರಿಟ್ಟು ಹಾಲು ಹಾಕುತ್ತಾರೆ.